ನೀರು ಶುದ್ಧವಾಗಿದೆ

ಮಾರ್ಚ್ 3, ಸೋಮವಾರ

ಇವತ್ತು ಗಂಟಲು ಚೆನ್ನಾಗಿ ಒಲಿದಿತ್ತು. ಇಪ್ಪತ್ತಾರು ವರ್ಷ ಲೆಕ್ಕದ ಟೀಚರಾಗಿ ಕಿರುಚಿ ಕಿರುಚಿ ಹಾಳಾದ ಗಂಟಲು, ನಗರಸಭೆ ಅಧ್ಯಕ್ಷೆಯಾದ ಮೇಲೆ ಮೈಕ್ ಸಿಕ್ಕಿ ಸುಖ ಕಂಡಿದೆ. ಪ್ರತಿ ಸೋಮವಾರ ಹನ್ನೊಂದಕ್ಕೆ ಕಚೇರಿ ಮುಂದಿನ ಚೌಕದಲ್ಲಿ ನಿಂತು ವಾರದ ನೀರಿನ ವರದಿಯನ್ನು ನಾನೇ ಓದುತ್ತೇನೆ. ಹಿಂದಿನ ಅಧ್ಯಕ್ಷರು ನೋಟಿಸ್ ಬೋರ್ಡಿಗೆ ಅಂಟಿಸಿ ಸುಮ್ಮನಾಗುತ್ತಿದ್ದರು. ನನಗೆ ಅದೆಲ್ಲ ಆಗಿಬರಲ್ಲ. ಜನಕ್ಕೆ ಮುಖ ಕೊಟ್ಟು ಹೇಳಬೇಕು.

ಕೆಳಗಿನ ಪೇಟೆಯಲ್ಲಿ ವಾಂತಿಭೇದಿ ಶುರುವಾಗಿ ಐದು ದಿನ. ಅರವತ್ತು ಜನ ಆಸ್ಪತ್ರೆಯಲ್ಲಿ, ಇಬ್ಬರು ಹೋಗಿಬಿಟ್ಟರು. ಚೌಕದ ಒಂದು ಅರ್ಧದಲ್ಲಿ ಅವರು, ಇನ್ನೊಂದು ಅರ್ಧದಲ್ಲಿ ನಮ್ಮ ಮೇಲಿನ ಪೇಟೆಯವರು, ನಡುವೆ ನಾಲ್ಕು ಜನ ಪೊಲೀಸರು. ಕೆಳಗಿನವರದ್ದು ಒಂದೇ ಕೂಗು, ನೀರು ಕೆಟ್ಟಿದೆ ಅಂತ. ಅಯ್ಯೋ, ನನ್ನ ಕೈಯಲ್ಲಿ ವರದಿ ಇದೆಯಲ್ಲ! ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದೆ: "ನೀರು ಶುದ್ಧವಾಗಿದೆ. ಎರಡೂ ಪೇಟೆಯ ನೀರು ಶುದ್ಧವಾಗಿದೆ. ನಲ್ಲೀನ ಬೈಯೋದು ಬಿಟ್ಟು ಮೊದಲು ನಿಮ್ಮ ನಿಮ್ಮ ಮನೆ ತೊಟ್ಟಿ ತಿಕ್ಕಿ ತೊಳೀರಿ!"

ಮೇಲಿನವರ ಕಡೆಯಿಂದ ಚಪ್ಪಾಳೆಯೋ ಚಪ್ಪಾಳೆ. ನನ್ನ ತಮ್ಮ ಮಧ್ಯಾಹ್ನ ಊಟಕ್ಕೆ ಕೂತಾಗಲೂ ನಗುತ್ತಲೇ ಇದ್ದ. ನನ್ನ ಮನೆ ಮಹಡಿ ಮೇಲೇ ಅವನ ಸಂಸಾರ, ನನ್ನ ಚುನಾವಣೆಯ ಕೆಲಸವೆಲ್ಲ ಅವನದೇ.

"ಅಕ್ಕಾ, ಇವತ್ತು ಮೇಲಿನ ಪೇಟೆ ಪೂರ್ತಿ ನಿನ್ನದಾಯ್ತು."

"ಕೆಳಗಿನದು?"

"ಅದು ಯಾವತ್ತು ನಮ್ಮದಾಗಿತ್ತು ಹೇಳು."

ನಿಜವೇ. ಇನ್ನೊಂದು ಚಪಾತಿ ಹಾಕಿಸಿಕೊಂಡೆ.

ಮಾರ್ಚ್ 5, ಬುಧವಾರ

"ತೊಟ್ಟಿ ತೊಳೀರಿ" ಅನ್ನೋದು ಊರ ಮಾತಾಗಿಬಿಟ್ಟಿದೆ. ಗೋಡೆ ಮೇಲೆ ಬರೆದಿದ್ದಾರೆ. ಶಾಲೆ ಬಿಟ್ಟಾಗ ಮೇಲಿನ ಮಕ್ಕಳು ಎರಡು ಪೇಟೆಗಳ ನಡುವಿನ ಮೆಟ್ಟಿಲ ತುದಿಯಲ್ಲಿ ನಿಂತುಕೊಂಡು, ಕೆಳಗಿಳಿಯೋ ಮಕ್ಕಳಿಗೆ ಅದನ್ನೇ ರಾಗ ಎಳೆದು ಹಾಡ್ತಾರಂತೆ. ಮಕ್ಕಳ ಬಾಯಿ ಮುಚ್ಚಿಸೋಕಾಗುತ್ತಾ? ಕೇಳಿದಾಗ ನನಗೂ ನಗು ಬಂತು, ಸುಳ್ಳು ಯಾಕೆ ಹೇಳಲಿ.

ಮೂರನೆಯ ಸಾವು. ಒಬ್ಬ ಮುದುಕಿ. ಸಂತಾಪದ ಪತ್ರಕ್ಕೆ ಸಹಿ ಹಾಕಿದೆ. ನಮ್ಮ ಕಾರ್ಯದರ್ಶಿ ಮೊದಲಿನ ಎರಡು ಸಾವಿಗೆ ಬರೆದದ್ದರಲ್ಲೇ ಹೆಸರು ಬದಲಿಸಿ ತಂದಿದ್ದ. ಈ ಮನುಷ್ಯನಿಗೆ ಕಚೇರಿಯಲ್ಲಿ "ಬೆಣ್ಣೆ" ಅಂತ ಅಡ್ಡಹೆಸರು. ಅವನ ಮಾತು ಕೇಳಿದವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ.

ಮಾರ್ಚ್ 8, ಶನಿವಾರ

ಮಧ್ಯಾಹ್ನ ಎರಡು ಗಂಟೆಗೆ ಹಿತ್ತಲ ಬಾಗಿಲು ತಟ್ಟಿದ ಸದ್ದು. ನೋಡಿದರೆ ನಮ್ಮ ನೀರು ಇಲಾಖೆಯ ಬಾಟಲಿಯಣ್ಣ. ಶನಿವಾರ ಶನಿವಾರ ನಲ್ಲಿಗಳಿಂದ ನೀರು ಹಿಡಿದು ಪ್ರಯೋಗಾಲಯಕ್ಕೆ ಕೊಡುವವನು. ಹದಿನೆಂಟು ವರ್ಷದ ಸರ್ವಿಸು, ಎರಡೂ ಮಂಡಿ ಹೋಗಿವೆ. ಒಳಗೆ ಬಾ ಅಂದರೂ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತ.

"ಮೇಡಂ, ನನ್ನನ್ನ ಏನು ಬೇಕಾದ್ರೂ ಮಾಡಿ. ಕೆಳಗಿನ ಪೇಟೆ ಬಾಟಲಿ ಇದೆಯಲ್ಲ, ಅದು ಕೆಳಗಿನ ನೀರಲ್ಲ."

"ಮತ್ತೆ?"

"ನಮ್ಮ ಆಫೀಸಿನ ಅಂಗಳದ ನಲ್ಲೀದು. ಎರಡು ಬಾಟಲಿಗೂ ಅದೇ. ಜನವರಿಯಿಂದ."

ನನಗೆ ಒಂದು ಗಳಿಗೆ ಅರ್ಥವೇ ಆಗಲಿಲ್ಲ. ಆಮೇಲೆ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕೂತೆ.

ಅವನು ಹೇಳಿದ್ದು ಇಷ್ಟು. ಹಿಂದೆ ಬಾಟಲಿಗಳು ಶನಿವಾರ ಹನ್ನೆರಡರೊಳಗೆ ಪ್ರಯೋಗಾಲಯಕ್ಕೆ ಸೇರಿದರೆ ಸಾಕಿತ್ತು. ಹಾಗೆ ಕೊಟ್ಟರೆ ವರದಿ ಬರೋದು ಸೋಮವಾರ ಮಧ್ಯಾಹ್ನ. ನಾನು ಹನ್ನೊಂದಕ್ಕೆ ಮೈಕ್ ಹಿಡಿಯಬೇಕಲ್ಲ! ಅದಕ್ಕೇ ಜನವರಿಯಲ್ಲಿ ಬಾಟಲಿಗಳು ಹತ್ತರೊಳಗೆ ಸೇರಲೇಬೇಕು ಅಂತ ಆದೇಶ ಮಾಡಿದೆ. ಕೆಳಗಿನ ಪೇಟೆಗೆ ಇನ್ನೂರ ಹದಿನಾಲ್ಕು ಮೆಟ್ಟಿಲು. ಅಲ್ಲಿಯ ಟ್ಯಾಂಕಿನ ಕಾವಲುಗಾರ ಕೀಲಿ ತರೋದು ಒಂಬತ್ತೂವರೆಗೆ. ಕ್ರಿಮಿ ಸಾಯಲಿ ಅಂತ ನಲ್ಲಿ ಬಾಯಿಗೆ ಬೆಂಕಿ ಹಿಡಿದು ಕಾಯಿಸಿ, ಐದು ನಿಮಿಷ ನೀರು ಹರಿಯಬಿಟ್ಟು, ಬಾಟಲಿ ತುಂಬಿ, ಆ ಮಂಡಿಯಲ್ಲಿ ಮತ್ತೆ ಅಷ್ಟೂ ಮೆಟ್ಟಿಲು ಹತ್ತಿ ಬರೋ ಹೊತ್ತಿಗೆ ಹನ್ನೊಂದೂವರೆ.

"ಹತ್ತಕ್ಕೆ ಆಗಲ್ಲ ಅಂತ ಹೇಳೋಕೆ ನಿಮ್ಮ ಹತ್ರ ಬಂದಿದ್ದೆ ಮೇಡಂ. 'ಹನ್ನೊಂದಕ್ಕೆ ಜನ ಕಾಯ್ತಾರೆ, ನೆಪ ಹೇಳ್ಬೇಡ' ಅಂದ್ರಿ."

ನನಗೆ ನೆನಪೇ ಇಲ್ಲ. ಆದರೆ ಅಂದಿರುತ್ತೇನೆ. ನನ್ನ ಧಾಟಿಯೇ ಅದು.

ಇವತ್ತು ನಿಜವಾಗಿಯೂ ಕೆಳಗಿಳಿದು ನೀರು ತಂದು ಕೊಟ್ಟಿದ್ದಾನಂತೆ. ನಾನು ಕೆಳಗಿನ ಪೇಟೆಯ ನೀರು ಕೂಡಲೇ ನಿಲ್ಲಿಸಿ ಟ್ಯಾಂಕರ್ ಕಳಿಸಿ ಅಂತ ನೀರು ಇಲಾಖೆಗೆ ಫೋನ್ ಮಾಡಿದೆ. ಯಾಕೆ ಅಂತ ಕೇಳಿದರು. ದುರಸ್ತಿ ಅಂದೆ.

ಮಾರ್ಚ್ 10, ಸೋಮವಾರ

ಮಧ್ಯಾಹ್ನ ವರದಿ ಬಂತು. ಕೆಳಗಿನ ನೀರಿನಲ್ಲಿ ಚರಂಡಿ ಸೇರಿದೆ. ಮೆಟ್ಟಿಲ ಬುಡದಲ್ಲಿ ನೀರಿನದೂ ಚರಂಡಿಯದೂ ಎರಡೂ ಪೈಪು ಪಕ್ಕ ಪಕ್ಕ ಹೋಗುತ್ತವೆ, ಅಲ್ಲೇ ಒಡೆದಿದೆ. ಅವರ ತೊಟ್ಟಿಗಳಿಗೂ ಇದಕ್ಕೂ ಸಂಬಂಧವೇ ಇಲ್ಲ.

ಬೆಳಿಗ್ಗೆ ಹನ್ನೊಂದಕ್ಕೆ, ಅದು ಬರುವ ಮೊದಲೇ, ಚೌಕಕ್ಕೆ ಹೋಗಿ, "ತಾಂತ್ರಿಕ ಕಾರಣದಿಂದ ಈ ವಾರ ವರದಿ ಇಲ್ಲ" ಅಂತ ಓದಿ ಒಳಗೆ ಬಂದೆ. ಬಿಸಿ ತುಪ್ಪ ಬಾಯಲ್ಲಿ ಇಟ್ಟುಕೊಂಡ ಹಾಗೆ, ನುಂಗೋಕೂ ಇಲ್ಲ, ಉಗುಳೋಕೂ ಇಲ್ಲ.

ಬೆಣ್ಣೆ ಆಗಲೇ ಕಡತ ಸಿದ್ಧ ಮಾಡಿದ್ದ. ಬಾಟಲಿಯಣ್ಣನ ಅಮಾನತು. "ಜನಕ್ಕೆ ಒಂದು ತಲೆ ಬೇಕು ಮೇಡಂ. ಆತ ಹೇಗಿದ್ದರೂ ಬೆಳಿಗ್ಗೆ ನನ್ನ ಹತ್ತಿರವೂ ಬಂದು ಒಪ್ಪಿಕೊಂಡಿದ್ದಾನೆ. ನಿಮ್ಮ ಹತ್ತು ಗಂಟೆ ಆದೇಶದ ವಿಷಯ ಎಲ್ಲೂ ಬರೋದು ಬೇಡ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮುಗಿಸೋಣ." ಅವನ ಬಾಯಲ್ಲೇ ಆ ಗಾದೆ ಕೇಳಿ, ಬೇರೆ ದಿನವಾಗಿದ್ದರೆ ನಕ್ಕಿರುತ್ತಿದ್ದೆ.

ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗೆ. ಪೆನ್ನು ತೆಗೆದೆ, ಕ್ಯಾಪೂ ಬಿಚ್ಚಿದೆ. ಸಹಿ ಹಾಕಲಿಲ್ಲ. ಹಾಗಂತ ಹರಿದೂ ಹಾಕಲಿಲ್ಲ. ಡ್ರಾಯರಿನಲ್ಲಿ ಇಟ್ಟೆ.

ಮಾರ್ಚ್ 12, ಬುಧವಾರ

ಬುಧವಾರ ಅಹವಾಲಿನ ದಿನ. ರಸ್ತೆ ಗುಂಡಿ, ಬೀದಿ ನಾಯಿ, ಪಕ್ಕದ ಮನೆಯವರ ಮರ. ಕೊನೆಗೆ ಒಬ್ಬಳು ಹೆಂಗಸು, ಮೂವತ್ತರ ಆಸುಪಾಸು. ಬೆರಳ ತುದಿಯೆಲ್ಲ ಸೂಜಿ ಚುಚ್ಚಿದ ಗುರುತು. ಕೆಳಗಿನ ಪೇಟೆಯ ಟೈಲರ್. ಹೋದ ವಾರ ತೀರಿಕೊಂಡ ಮುದುಕಿಯ ಸೊಸೆ.

ಬೈತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

"ಮೇಡಂ, ನಮ್ಮತ್ತೆ ಹೋದ ದಿನವೇ ನಾದಿನಿ ನನ್ನ ಕೈ ಹಿಡ್ಕೊಂಡು ತೊಟ್ಟಿ ಹತ್ರ ಎಳ್ಕೊಂಡು ಹೋದ್ರು. ಬಂದೋರಿಗೆಲ್ಲ ತೋರಿಸಿದ್ರು. 'ನಮ್ಮಮ್ಮನ್ನ ಕೊಂದ ತೊಟ್ಟಿ ಇದೇ, ಅಧ್ಯಕ್ಷರೇ ಮೈಕಲ್ಲಿ ಹೇಳಿದಾರೆ' ಅಂತ. ಮೂರನೇ ದಿನ ನನ್ನನ್ನ ತವರಿಗೆ ಕಳಿಸಿದ್ರು. ಮಗೂನ ಕೊಡಲಿಲ್ಲ."

ಮಗುವಿಗೆ ಎಷ್ಟು ವಯಸ್ಸು ಅಂದೆ. ನಾಲ್ಕು ಅಂದಳು.

"ನಾನು ಪ್ರತಿ ಶುಕ್ರವಾರ ತೊಟ್ಟಿ ತಿಕ್ಕಿ ತೊಳೀತಿದ್ದೆ ಮೇಡಂ. ನಮ್ಮತ್ತೆಗೆ ಕೈ ಅಲ್ಲಾಡ್ತಿತ್ತು, ಅವರೇ ಮೇಲಿಂದ ಟಾರ್ಚ್ ಹಿಡೀತಿದ್ರು, 'ಆ ಮೂಲೆ, ಈ ಮೂಲೆ' ಅಂತಿದ್ರು. ನನಗೆ ಪರಿಹಾರ ಗಿರಿಹಾರ ಬೇಡ. ತೊಟ್ಟಿ ಸರಿಯಾಗಿತ್ತು ಅಂತ ಒಂದು ಚೀಟಿ ಬರ್ಕೊಡಿ. ನಿಮ್ಮ ಮಾತು ಅವ್ರು ಕೇಳ್ತಾರೆ."

ವರದಿ ನನ್ನ ಡ್ರಾಯರಿನಲ್ಲೇ ಇತ್ತು. ಅವಳಿಗೂ ಅದಕ್ಕೂ ನಡುವೆ ಒಂದು ಮೇಜು, ಅಷ್ಟೇ.

"ನೋಡೋಣಮ್ಮ" ಅಂದೆ.

ಕೈ ಮುಗಿದು ಹೋದಳು. ಥೂ ನನ್ನ ಜನ್ಮಕ್ಕೆ.

ಮಾರ್ಚ್ 13, ಗುರುವಾರ

ಬೆಳಿಗ್ಗೆಯೇ ತಮ್ಮನಿಗೆ ಎಲ್ಲ ಹೇಳಿದೆ. ಸೋಮವಾರ ಚೌಕದಲ್ಲಿ ಒಪ್ಪಿಕೊಳ್ಳುತ್ತೇನೆ ಅಂದೆ. ಕಾಫಿ ಲೋಟ ಕೆಳಗಿಟ್ಟ.

"ಅಕ್ಕಾ, ಆರು ತಿಂಗಳಿಗೆ ಚುನಾವಣೆ ಇದೆ. ತಲೆ ನೆಟ್ಟಗಿದೆಯಾ ನಿನಗೆ?"

"ಮೂರು ಜನ ಸತ್ತಿದ್ದಾರೆ ಕಣೋ."

"ನೀನು ಹೇಳಿದ ಕೂಡಲೇ ಎದ್ದು ಬರ್ತಾರಾ? ಕೇಳು. ಮೇಲಿನೋರು ನಿನ್ನ ಕೈ ಬಿಡ್ತಾರೆ. ಕೆಳಗಿನೋರು ಹಿಡಿಯಲ್ಲ. ನಡುವೆ ನಿಂತ್ಕೊಂಡು ಏನು ಮಾಡ್ತೀಯ?"

ಲೆಕ್ಕ ಸರಿಯಾಗಿಯೇ ಇತ್ತು ಅವನದು. ಚಿಕ್ಕಂದಿನಲ್ಲಿ ಅವನಿಗೆ ಲೆಕ್ಕ ಹೇಳಿಕೊಟ್ಟವಳೂ ನಾನೇ.

ಮಾರ್ಚ್ 16, ಭಾನುವಾರ

ಬೆಣ್ಣೆ ಮನೆಗೇ ಬಂದು, ಸೋಮವಾರಕ್ಕೆ ಅಂತ ತಾನೇ ಬರೆದ ಭಾಷಣ ಕೊಟ್ಟು ಹೋದ. "ಇತ್ತೀಚಿನ ಘಟನೆಗಳಿಂದ ಯಾರ ಮನಸ್ಸಿಗಾದರೂ ನೋವಾಗಿದ್ದಲ್ಲಿ ವಿಷಾದಿಸುತ್ತೇವೆ. ವ್ಯವಸ್ಥೆಯಲ್ಲಿ ಕೆಲವು ಲೋಪಗಳು ಕಂಡುಬಂದಿವೆ." ಎರಡು ಪುಟ. ಓದಿ ಮುಗಿಸಿದರೂ ಯಾರು ಏನು ಮಾಡಿದರು ಅಂತ ಗೊತ್ತಾಗಲ್ಲ. ನನ್ನ ಕ್ಲಾಸಿನಲ್ಲಿ ಗಾಜು ಒಡೆದ ಹುಡುಗ ಹೀಗೆ ಹೇಳಿದ್ದರೆ ಕಿವಿ ಹಿಂಡಿರುತ್ತಿದ್ದೆ.

ನಾನೇ ಬರೆಯಲು ಕೂತೆ. ಬೆಳಿಗ್ಗೆಯಿಂದ ಹನ್ನೊಂದು ಹಾಳೆ. ಪ್ರತಿ ಸಲವೂ ಬಾಟಲಿಯಣ್ಣನ ಸಾಲು ಮೊದಲು ಬರುತ್ತೆ, ನನ್ನ ಸಾಲು ಕೊನೆಗೆ. ಕೈಗೇ ಅಭ್ಯಾಸವಾಗಿಹೋಗಿದೆ.

ಯಾರಿಗಾದರೂ ಓದಿ ತೋರಿಸೋಣ ಅಂದರೆ ಮನೆಯಲ್ಲಿ ಯಾರೂ ಇಲ್ಲ. ಮಹಡಿ ಮೇಲೆ ತಮ್ಮನ ಮನೆಯವರು ಓಡಾಡುವ ಸದ್ದು ಕೇಳುತ್ತೆ. ಮೂರು ದಿನದಿಂದ ಯಾರೂ ಕೆಳಗೆ ಇಳಿದಿಲ್ಲ. ಯಜಮಾನರು ಇದ್ದಿದ್ದರೆ ಎರಡೇ ಸಾಲಲ್ಲಿ ಮುಗಿಸು ಅಂತಿದ್ದರು. ಅವರು ಹೋಗಿ ಒಂಬತ್ತು ವರ್ಷವಾಯಿತು, ಇವತ್ತು ಯಾಕೋ ತುಂಬಾ ಬೇಕಾಗಿದ್ದರು.

ಮಾರ್ಚ್ 17, ಸೋಮವಾರ

ಹೇಳಿದೆ.

ಹಾಳೆ ಕೈಯಲ್ಲೇ ಇತ್ತು, ನೋಡಲಿಲ್ಲ. ನೀರು ಶುದ್ಧವಾಗಿರಲಿಲ್ಲ ಅಂದೆ. ಎರಡು ವಾರದ ಹಿಂದೆ ಇಲ್ಲೇ ನಿಂತು ನಾನು ಹೇಳಿದ್ದು ತಪ್ಪು ಅಂದೆ. ನನ್ನ ಮೈಕಿನ ಹೊತ್ತಿಗೆ ವರದಿ ಸಿಗಲಿ ಅಂತ ಹತ್ತು ಗಂಟೆಯ ಆದೇಶ ಮಾಡಿದವಳು ನಾನು, ಆಗಲ್ಲ ಅಂತ ಹೇಳಲು ಬಂದವನನ್ನು ಗದರಿಸಿ ಕಳಿಸಿದವಳೂ ನಾನು ಅಂದೆ. ಅವನು ಮಾಡಿದ್ದೂ ತಪ್ಪೇ, ಆದರೆ ಅವನು ತಾನಾಗಿ ಬಂದು ಹೇಳಿದ, ನಾನು ಗೊತ್ತಾದ ಮೇಲೂ ಬಚ್ಚಿಟ್ಟೆ. ನಿಮ್ಮ ತೊಟ್ಟಿಗಳಲ್ಲಿ ಏನೂ ದೋಷ ಇರಲಿಲ್ಲ. ಹೊಸ ಪೈಪು ಹಾಕಿ ಮುಗಿದ ದಿನ ಕುರ್ಚಿ ಬಿಡ್ತೀನಿ.

ಆಮೇಲೆ ಎರಡೂ ಕಡೆಯಿಂದ ಒಟ್ಟಿಗೇ ಶುರುವಾಯಿತು.

"ಮೂರು ಹೆಣ ಬಿದ್ದ ಮೇಲೆ ಬಂದ್ಯಾ ತಾಯಿ?" ಕೆಳಗಿನವರು.

"ನಮ್ಮ ಮಾನ ಯಾಕ್ರೀ ತೆಗೀತೀರಿ? ಅವ್ರಿಗೆ ಹೆದರ್ಕೊಂಡ್ರಾ?" ಮೇಲಿನವರು.

ಒಬ್ಬ ಅಜ್ಜ ಮೆಟ್ಟಿಲ ಮೇಲೆ ಕೂತು ಜೋರಾಗಿ ಅಳುತ್ತಿದ್ದ. ಯಾವ ಪೇಟೆಯವನೋ ಗೊತ್ತಾಗಲಿಲ್ಲ. ಮೈಕಿನವನು ವೈರು ಸುತ್ತುತ್ತಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಪೊಲೀಸಿನವರು ಹಿಂದಿನ ಬಾಗಿಲಿಂದ ಮನೆಗೆ ಬಿಟ್ಟರು.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ಮೊದಲನೇ ಮಾತಿಗೆ ಅದು ಸರಿ. ಈ ಎರಡನೇ ಮಾತು ಎಲ್ಲಿಗೆ ಹೋಯಿತೋ.

ಮಾರ್ಚ್ 18, ಮಂಗಳವಾರ

ಫೋನ್ ಒಂದೂ ಬರಲಿಲ್ಲ. ಕೆಟ್ಟಿದೆಯೇನೋ ಅಂತ ಎರಡು ಸಲ ಎತ್ತಿ ನೋಡಿದೆ. ಸರಿಯಾಗಿಯೇ ಇದೆ.

ಮಾರ್ಚ್ 20, ಗುರುವಾರ

ತಮ್ಮ ಮನೆ ಬದಲಿಸಿದ. ಮಂಚ, ಬೀರು, ಮಕ್ಕಳ ಸೈಕಲ್ಲು ಎಲ್ಲ ಇಳಿಸಿದರು. ಅವನ ಹೆಂಡತಿ ಹೋಗುವಾಗ "ಬರ್ತೀವಿ ಅತ್ತಿಗೆ" ಅಂದಳು. ಅವನು ಅದನ್ನೂ ಅನ್ನಲಿಲ್ಲ. ಗೇಟಿನ ಮೇಲೆ ಯಾರೋ ಸೀಮೆಸುಣ್ಣದಲ್ಲಿ "ಮೊದಲು ನಿನ್ನ ತೊಟ್ಟಿ ತೊಳಿ" ಅಂತ ಬರೆದಿದ್ದಾರೆ. ಅಕ್ಷರ ದುಂಡಗಿದೆ. ನನ್ನ ಹಳೆ ಶಿಷ್ಯನೇ ಇರಬೇಕು.

ಟೈಲರ್ ಹೆಂಗಸು ಏನಾದಳು ಅಂತ ಪೇದೆಯನ್ನು ಕಳಿಸಿ ವಿಚಾರಿಸಿದೆ. ಮನೆಗೆ ವಾಪಸ್ ಬಂದಿರುತ್ತಾಳೆ ಅಂತಲೇ ನಾನು ತಿಳಿದಿದ್ದು. ಬಂದಿಲ್ಲ. ಅವಳ ನಾದಿನಿ ಪೇದೆಗೆ ಹೇಳಿದಳಂತೆ: "ಚೌಕದಲ್ಲಿ ಹೇಳಿದ್ದು ರಾಜಕೀಯ. ಮೊನ್ನೆ ಹಂಗಂದ್ರು, ನಿನ್ನೆ ಹಿಂಗಂದ್ರು, ನಾಳೆ ಇನ್ನೊಂದಂತಾರೆ. ನಮ್ಮಮ್ಮ ಕುಡಿದಿದ್ದು ತೊಟ್ಟಿ ನೀರು."

ಅವಳನ್ನು ಬೈಯೋಕೆ ಬಾಯಿ ಬರಲಿಲ್ಲ. ನನ್ನ ಮೊದಲನೇ ಮಾತನ್ನು ಅವಳು ನಂಬಿದಷ್ಟು ಗಟ್ಟಿಯಾಗಿ ಯಾರೂ ನಂಬಿರಲಿಲ್ಲ. ಆ ಮಗು ಅಲ್ಲೇ ಬಾಗಿಲಲ್ಲಿ ಒಂದೇ ಚಪ್ಪಲಿ ಹಾಕಿಕೊಂಡು ಕೂತಿತ್ತಂತೆ.

ಡ್ರಾಯರಿನಲ್ಲಿದ್ದ ಅಮಾನತಿನ ಕಡತ ಹರಿದೆ. ಬಾಟಲಿಯಣ್ಣನಿಗೆ ಏನಾಗಬೇಕು ಅನ್ನೋದನ್ನು ನನ್ನ ನಂತರ ಬರೋರು ತೀರ್ಮಾನ ಮಾಡಲಿ. ನನಗೆ ಆ ಹಕ್ಕಿಲ್ಲ.

ಮಾರ್ಚ್ 22, ಶನಿವಾರ

ಕಚೇರಿ ಕಾರು ಬೇಡ ಅನ್ನಿಸಿತು. ಬಸ್ಸಿನಲ್ಲಿ ಹೋದೆ, ಒಂದೂವರೆ ಗಂಟೆ. ಪಕ್ಕದಲ್ಲಿ ಕೂತವಳು ನನ್ನ ಗುರುತು ಹಿಡಿದು, ಎದ್ದು ಹಿಂದಿನ ಸೀಟಿಗೆ ಹೋದಳು. ಮೇಲಿನವಳೋ ಕೆಳಗಿನವಳೋ, ಈಗ ಎರಡೂ ಒಂದೇ.

ಟೈಲರ್ ಹೆಂಗಸಿನ ತವರೆಂದರೆ ಅಣ್ಣನ ಮನೆಯ ಮುಂದಿನ ಕೋಣೆ. ಅಲ್ಲೇ ಮಿಷನ್ ಹಾಕಿಕೊಂಡು ಶಾಲೆ ಮಕ್ಕಳ ಚಡ್ಡಿ ಹೊಲಿಯುತ್ತಿದ್ದಳು. ನನ್ನನ್ನು ನೋಡಿದಳು, ಹೊಲಿಗೆ ನಿಲ್ಲಿಸಲಿಲ್ಲ. ಕೂತ್ಕೊಳ್ಳಿ ಅಂತಲೂ ಅನ್ನಲಿಲ್ಲ. ನಿಂತೇ ಇದ್ದೆ. ಆ ತುಂಡು ಮುಗಿಸಿ, ದಾರ ಹಲ್ಲಿನಿಂದ ಕಡಿದು, ಆಮೇಲೆ ಕೇಳಿದಳು.

"ಆವತ್ತು ನಾನು ಬಂದಾಗ ನಿಮಗೆ ಗೊತ್ತಿತ್ತು, ಅಲ್ವಾ?"

"ಗೊತ್ತಿತ್ತಮ್ಮ."

"ನಾನು ಕೈ ಮುಗಿದೆ ನಿಮಗೆ."

"ಹೂಂ."

ಇನ್ನೊಂದು ತುಂಡು ಬಟ್ಟೆ ಮಿಷನ್ನಿಗೆ ಇಟ್ಟಳು. ನಿಮ್ಮನೆಗೆ ಹೋಗಿ, ಎಲ್ಲರ ಎದುರಿಗೆ ಹೇಳ್ತೀನಿ, ಬಾ ಅಂದೆ.

"ನಿಮ್ಮ ಮೇಲೆ ನನಗೆ ನಂಬಿಕೆ ಇಲ್ಲ. ಆದ್ರೂ ಬರ್ತೀನಿ. ನನಗೆ ಮಗು ಬೇಕು." ಆಮೇಲೆ, "ಮಾವ ಒಳ್ಳೆಯವರು. ಅವ್ರಿಗೆ ಹೇಳಿ. ಸುತ್ತಿ ಬಳಸಿ ಹೇಳ್ಬೇಡಿ, ಅವ್ರಿಗೆ ಆಗಲ್ಲ" ಅಂದಳು.

ಮಾರ್ಚ್ 23, ಭಾನುವಾರ

ಹನ್ನೊಂದು ಗಂಟೆಗೆ ಕೆಳಗಿಳಿದೆವು. ಅಧ್ಯಕ್ಷೆಯಾಗಿ ನಾಲ್ಕು ವರ್ಷ, ಈ ಮೆಟ್ಟಿಲುಗಳನ್ನು ನಡೆದು ಇಳಿದದ್ದು ಇವತ್ತೇ. ನೂರನೇ ಮೆಟ್ಟಿಲಿಗೇ ನನ್ನ ಮಂಡಿ ನಡುಗಲು ಶುರುವಾಯಿತು. ಬೀದಿಯಲ್ಲಿ ಟ್ಯಾಂಕರ್ ಸಾಲು. ಜನ ಮಾತು ನಿಲ್ಲಿಸಿ ನೋಡಿದರು, ಯಾರೂ ಬೈಯಲಿಲ್ಲ, ಯಾರೂ ನಮಸ್ಕಾರವನ್ನೂ ಹೇಳಲಿಲ್ಲ. ಅವಳು ನನಗಿಂತ ನಾಲ್ಕು ಹೆಜ್ಜೆ ಹಿಂದೆ ಬರುತ್ತಿದ್ದಳು.

ಅವಳ ಮಾವ ಹಳೆಯ ಬಸ್ ಕಂಡಕ್ಟರ್. ನಡುಮನೆಯ ಕುರ್ಚಿಯಲ್ಲಿ ಕೂತಿದ್ದರು. ಗಂಡ ಗೋಡೆಗೆ ಒರಗಿ ನಿಂತ. ನಾದಿನಿ ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡು ಒಳಬಾಗಿಲಿಗೆ ಅಡ್ಡ ನಿಂತಿದ್ದಳು. ಸೊಸೆ ಹೊಸ್ತಿಲ ಆಚೆಯೇ ಉಳಿದಳು. ಮಗು "ಅಮ್ಮಾ" ಅಂತ ಕೈ ಚಾಚಿತು. ನಾದಿನಿ ಬಿಡಲಿಲ್ಲ.

ನಾನು ಮುದುಕರಿಗೇ ಹೇಳಿದೆ. "ಯಜಮಾನ್ರೇ, ನಿಮ್ಮ ಮನೆಯವರು ಹೋಗಿದ್ದು ತೊಟ್ಟಿ ಕೊಳೆಯಿಂದ ಅಲ್ಲ. ನಾನು ಕಳಿಸಿದ ನೀರಿಂದ. ನಿಮ್ಮ ಸೊಸೆ ಆ ತೊಟ್ಟೀನ ಚಿನ್ನದ ಹಾಗೆ ತೊಳೆದಿದ್ರೂ ಅವರು ಉಳೀತಿರಲಿಲ್ಲ. ತೊಟ್ಟಿಗೆ ಬಂದಿದ್ದೇ ವಿಷ."

ನಾದಿನಿ, "ಇವಳು ಕರ್ಕೊಂಡು ಬಂದು ಹೇಳಿಸ್ತಿದಾಳೆ" ಅಂದಳು.

ನಾನು ವರದಿ ತೆಗೆದು ಗಂಡನ ಕೈಗೆ ಕೊಟ್ಟೆ. ಅವನು ಓದಿದ. ಮತ್ತೊಮ್ಮೆ ಓದಿದ. "ಅಪ್ಪಾ, ಇದರಲ್ಲಿ ಹಾಗೇ ಇದೆ" ಅಂದ, ತಲೆ ಎತ್ತಲಿಲ್ಲ.

ಮುದುಕರು ನನ್ನನ್ನೇ ನೋಡುತ್ತಿದ್ದರು. "ಮೈಕಲ್ಲಿ ಹೇಳೋವಾಗ ನಿಮಗೆ ಗೊತ್ತಿತ್ತಾ?"

"ಇಲ್ಲ."

"ಗೊತ್ತಾದ್ಮೇಲೆ ಎಷ್ಟು ದಿನ ಸುಮ್ನಿದ್ರಿ?"

ಪ್ರಯೋಗಾಲಯದ ವರದಿ ಬಂದದ್ದು ಸೋಮವಾರ. ಏಳು ಅನ್ನಬಹುದಿತ್ತು. ಬೆಣ್ಣೆ ಆಗಿದ್ದರೆ ಏಳೇ ಅಂತಿದ್ದ.

"ಒಂಬತ್ತು ದಿನ" ಅಂದೆ.

"ಒಂಬತ್ತು ದಿನ," ಅಂದರು ಅವರು. "ಈ ಕೂಸು ರಾತ್ರಿ ಎದ್ದು ಅಮ್ಮ ಎಲ್ಲಿ ಅಂತ ಕೇಳೋದು. ನಿಮ್ಮಮ್ಮ ತಪ್ಪು ಮಾಡಿದಾಳೆ ಅಂತ ನಾನೇ ಹೇಳಿ ಮಲಗಿಸ್ತಿದ್ದೆ. ನಾನೇ."

ತಪ್ಪಾಯ್ತು ಅಂದೆ. ಚೌಕದಲ್ಲಿ ಅಷ್ಟು ಜನರ ಮುಂದೆ ಗಟ್ಟಿಯಾಗಿ ಬಂದ ಮಾತು, ಆ ಸಣ್ಣ ಕೋಣೆಯಲ್ಲಿ ನನಗೇ ಕೇಳಿಸಲಿಲ್ಲ.

ಮುದುಕರು ಕುರ್ಚಿ ಹಿಡಿದುಕೊಂಡು ಎದ್ದರು. ಮಗಳ ಸೊಂಟದಿಂದ ಮಗುವನ್ನು ಇಳಿಸಿಕೊಂಡರು. ನನ್ನನ್ನು ದಾಟಿ ಹೊಸ್ತಿಲಿಗೆ ಹೋದರು.

"ಒಳಗೆ ಬಾಮ್ಮ," ಅಂದರು.

ಸೊಸೆ ಒಳಗೆ ಬಂದಳು. ನಾನು ಹೊರಗೆ ಬಂದೆ. ಮುದುಕರು ನನ್ನ ಮುಖ ನೋಡದೆ ಬಾಗಿಲು ಹಾಕಿಕೊಂಡರು, ಚಿಲಕವನ್ನೂ ಹಾಕಿದರು. ಮಗು ಏನೋ ಕೇಳಿತು. ಅವಳು ಉತ್ತರ ಕೊಡುತ್ತಿರುವುದು ಬೀದಿಗೂ ಕೇಳುತ್ತಿತ್ತು.